ಮಸ್ಕತ್‌ನಿಂದ ಬಂದ ಸೆಟ್ಟು

ಶಹಾಪುರ
15 ಜನವರಿ 1989

ಯಜಮಾನರಿಗೆ ದೇವಕಮ್ಮನ ನಮಸ್ಕಾರಗಳು.

ಮನೆಯಲ್ಲಿ ಎಲ್ಲರೂ ಆರಾಮ. ಅತ್ತೆಯವರ ಮೊಣಕಾಲು ಬೆಳಿಗ್ಗೆ ನೋಯುತ್ತದೆ, ಸಂಜೆ ಓಣಿಯಲ್ಲಿ ಹರಟೆ ಶುರುವಾದರೆ ನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಇದಿಷ್ಟು ಕ್ಷೇಮ ಸಮಾಚಾರ. ಈಗ ಅಸಲಿ ಸಮಾಚಾರ ಕೇಳಿರಿ. ನನ್ನ ಹವ್ಯಾಸಿ ರೇಡಿಯೊ ಲೈಸೆನ್ಸು ಬಂತು. ಟಪಾಲಿನವನು ಸರ್ಕಾರಿ ಲಕೋಟೆ ನೋಡಿ, ಕಾಲುವೆ ಕಚೇರಿಯಿಂದ ನನ್ನನ್ನು ತೆಗೆದುಹಾಕಿದ್ದಾರೆ ಅಂತ ತಿಳಿದು ಮುಖ ಸಪ್ಪಗೆ ಮಾಡಿಕೊಂಡು ಕೊಟ್ಟ.

ಪರೀಕ್ಷೆ ಪಾಸಾಗಿ ತೋರಿಸು, ಸೆಟ್ಟು ಕೊಡಿಸುವುದು ನನಗೆ ಬಿಡು ಅಂದಿದ್ದಿರಿ. ತೋರಿಸಿದ್ದೇನೆ. ನೀವು ನಾರಾಯಣಪುರ ಅಣೆಕಟ್ಟಿನಿಂದ ವೈರ್‌ಲೆಸ್‌ನಲ್ಲಿ ನೀರಿನ ಮಟ್ಟ ಓದುತ್ತಿದ್ದಾಗ ನಾನು ಇಲ್ಲಿನ ಕಾಲುವೆ ಕಚೇರಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಲಗ್ನ ಆದದ್ದೂ ಅದರಿಂದಲೇ. ಹಾಗಾಗಿ ನಿಮಗೆ ರೇಡಿಯೊ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೂ ಅಂಗಡಿಗೆ ಹೋದಾಗ ಮರೆಯಬಾರದು ಅಂತ ಬರೆಯುತ್ತೇನೆ.

ನಮ್ಮಂಥ ಹವ್ಯಾಸಿಗಳಿಗೆಂದೇ ಬಿಟ್ಟಿರುವ ರಷ್ಯಾದ ಆ ಉಪಗ್ರಹ ನಾವು ಒಂದು ತರಂಗದಲ್ಲಿ ಕಳಿಸಿದ್ದನ್ನು ಹಿಡಿದು, ಇನ್ನೊಂದು ತರಂಗದಲ್ಲಿ ಕೆಳಗೆ ಬಿಡುತ್ತದೆ. ಕೇಳುವುದಕ್ಕೆ ರಿಸೀವರ್ ಬೇರೆ ಬೇಕು. ಅದರ ಚಿಂತೆ ಇಲ್ಲ. ಸುರಪುರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿರುವ ಜಲಾಲುದ್ದೀನ ಸಾಹೇಬರು, ನನಗೆ ಮೋರ್ಸ್ ಕಲಿಸಿದವರು, ನಿನ್ನ ಸೆಟ್ಟು ಬಂದ ದಿನ ನನ್ನ ಹಳೇ ರಿಸೀವರ್ ನಿನಗೇ ಅಂದಿದ್ದಾರೆ. ನನಗೆ ಬೇಕಾದದ್ದು ಮೇಲಕ್ಕೆ ಕಳಿಸುವ ಸೆಟ್ಟು. ಅದರಲ್ಲಿ ಕಟಕಟ ಬಡಿಯಲು ಮೋರ್ಸ್ ಇರಲೇಬೇಕು, ಉಪಗ್ರಹಕ್ಕೆ ಹೊಂದುವ ಹಾಗೆ ಮಾತಾಡಲು ಎಸ್‌ಎಸ್‌ಬಿ ಇರಲೇಬೇಕು. ನಮ್ಮ ಕಾಲುವೆ ಸೆಟ್ಟಿನ ಹಾಗೆ ಬರೀ ಎಫ್‌ಎಂ ಇರುವುದು ಬೇಡವೇ ಬೇಡ. ಎಫ್‌ಎಂ ಸೆಟ್ಟು ಉಪಗ್ರಹದ ಶಕ್ತಿಯನ್ನೆಲ್ಲ ತಾನೊಂದೇ ಹೀರುತ್ತದೆ. ಕಾಲುವೆಯ ಮೇಲಿನ ರೈತ ತೂಬು ಪೂರ್ತಿ ಎತ್ತಿ ಕೂತರೆ ಕೆಳಗಿನವರಿಗೆ ಆಗುವ ಗತಿ ಉಳಿದವರಿಗೆ ಆಗುತ್ತದೆ. ನೀವು ಅಲ್ಲಿನ ರೇಡಿಯೊ ಸಂಘದಲ್ಲಿ ಬಳಸುತ್ತೀರಲ್ಲ, ಅಂಥದ್ದೇ ಸಾಕು. ಹಳೆಯದಾದರೂ ನಡೆದೀತು.

ಬಂದ ಮೇಲೆ ವಾರಕ್ಕೊಮ್ಮೆ ನೀವು ಅಲ್ಲಿಂದ, ನಾನು ಇಲ್ಲಿಂದ. ಟಪಾಲಿಗೆ ಕಾಯುವುದೇ ಬೇಡ.

ಉಪಗ್ರಹ ಮಸ್ಕತ್ ಮೇಲೆ ಯಾವಾಗ ಬರುತ್ತದೆ ಎಂಬ ಪಟ್ಟಿಯನ್ನು ಏಪ್ರಿಲ್‌ವರೆಗೂ ಲೆಕ್ಕ ಹಾಕಿ ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ
ದೇವಕಿ


ಮಸ್ಕತ್
20 ಫೆಬ್ರವರಿ 1989

ಪ್ರೀತಿಯ ದೇವಕಿಗೆ,

ಶಾಬಾಸ್. ನಿನ್ನ ಪತ್ರ ಓದಿ ಕ್ಯಾಂಪಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಯಾಕೆ ಅಂತ ಕೇಳಿದರು, ಮನೆಯಿಂದ ಸಿಹಿ ಸುದ್ದಿ ಬಂದಿದೆ ಅಂದೆ. ಅವರೆಲ್ಲ ಬೇರೇನೋ ತಿಳಿದುಕೊಂಡು ಬೆನ್ನು ತಟ್ಟಿದರು. ನಾನೂ ಸುಮ್ಮನಾದೆ.

ನಿನ್ನ ಪಟ್ಟಿ ಮುಟ್ಟಿತು. ಒಂದು ಸಲವೂ ತಪ್ಪಲಿಲ್ಲ. ಪಟ್ಟಿಯಲ್ಲಿದ್ದ ಹೊತ್ತಿಗೆ ಸರಿಯಾಗಿ ಸ್ಪೀಕರಿನಲ್ಲಿ ಸದ್ದು ಬಂದಾಗ ಇಲ್ಲಿನ ರೇಡಿಯೊ ಸಂಘದವರು ಹುಬ್ಬೇರಿಸಿದರು. ನಮ್ಮ ಕಂಪನಿಯ ಮ್ಯಾನೇಜರ್ ಸಾಹೇಬರೂ ಬಂದು ನೋಡಿದರು. ಈ ಪಟ್ಟಿ ಯಾರು ಮಾಡುತ್ತಾರೆ ಎಂದು ಕೇಳಿದರು. ನಮ್ಮಲ್ಲೇ ಮಾಡುತ್ತೇವೆ ಅಂದೆ. ಕಂಪನಿಯಲ್ಲಿ ಉಪಗ್ರಹ ಸಂಪರ್ಕದ ಹೊಸ ವಿಭಾಗ ತೆರೆಯುತ್ತಾರಂತೆ. ಅದಕ್ಕೊಬ್ಬ ಮೇಲ್ವಿಚಾರಕ ಬೇಕಂತೆ. ದೇವರು ಕಣ್ಣು ಬಿಟ್ಟರೆ ನಮಗೆ ಒಳ್ಳೆಯ ದಿನ.

ಸೆಟ್ಟಿನ ಚಿಂತೆ ಬಿಡು. ನಮ್ಮ ಡ್ರೈವರ್, ಸುರಪುರದ ಮಸ್ತಾನಸಾಬ, ರಜೆಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕಳಿಸುತ್ತೇನೆ. ಜಪಾನಿನ ಮಾಲು, ನೋಡಿದರೆ ಕಣ್ಣು ತುಂಬಬೇಕು.

ಏಪ್ರಿಲ್ ನಂತರದ ಪಟ್ಟಿಯನ್ನೂ ಕಳಿಸುವುದು. ಅವ್ವನಿಗೆ ಶರಣು ಹೇಳು.

ನಿನ್ನ
ಅಮಾತೆಪ್ಪ


ಶಹಾಪುರ
9 ಏಪ್ರಿಲ್ 1989

ಯಜಮಾನರಿಗೆ ನಮಸ್ಕಾರಗಳು.

ಮಸ್ತಾನಸಾಬ ಬಂದು ಸೆಟ್ಟು ಕೊಟ್ಟು ಹೋದ. ಅತ್ತೆಯವರು ಡಬ್ಬಿಗೆ ಕುಂಕುಮ ಹಚ್ಚಿದರು. ಓಣಿಯ ಹೆಣ್ಣುಮಕ್ಕಳೆಲ್ಲ ಟೀವಿ ಅಂತ ತಿಳಿದು ಬಂದು, ಚಿತ್ರ ಬರುವುದಿಲ್ಲ ಅಂದಾಗ ನನ್ನನ್ನೇ ಮರುಕದಿಂದ ನೋಡಿ ಹೋದರು.

ನೋಡಲು ಬಹಳ ಚೆಂದ ಇದೆ. ಆದರೆ ಒಂದು ಮಾತು. ಸಿಟ್ಟಾಗಬಾರದು. ಇದು ಎಫ್‌ಎಂ ಸೆಟ್ಟು. ಮೋರ್ಸ್ ಇಲ್ಲ, ಎಸ್‌ಎಸ್‌ಬಿ ಇಲ್ಲ. ನಾನೇ ನೋಡುವುದರಲ್ಲಿ ತಪ್ಪಿದೆನೇನೋ ಅಂತ ಬಸ್ಸು ಹತ್ತಿ ಸುರಪುರಕ್ಕೆ ಒಯ್ದೆ. ಜಲಾಲುದ್ದೀನ ಸಾಹೇಬರು ಕನ್ನಡಕ ಹಣೆಗೇರಿಸಿ ತಿರುಗಿಸಿ ಮುರುಗಿಸಿ ನೋಡಿ, “ಬೇಟಿ, ಕಾಲುವಿ ಮಾತಿಗಿ ಇದು ಛಲೋ ಅದ. ಮ್ಯಾಲಿನ ಮಾತಿಗಿ ಉಪಯೋಗಿಲ್ಲ” ಅಂದರು.

ನನಗೆ ನಗೆಯೇ ಬಂತು. ಅಷ್ಟು ವರ್ಷ ಅಣೆಕಟ್ಟಿನ ವೈರ್‌ಲೆಸ್ ಮುಂದೆ ಕೂತ ಕೈ ತನ್ನಷ್ಟಕ್ಕೆ ತಾನೇ ಕಾಲುವೆ ಸೆಟ್ಟಿನಂಥದ್ದನ್ನೇ ಎತ್ತಿಕೊಂಡಿದೆ. ನಮ್ಮ ಕಾಲುವೆಯವರಲ್ಲದೆ ಬೇರೆ ಯಾರು ಈ ತಪ್ಪು ಮಾಡುತ್ತಾರೆ? ಮಸ್ತಾನಸಾಬ ವಾಪಸ್ ಹೊರಡುವಾಗ ಇದನ್ನು ಕೊಟ್ಟು ಕಳಿಸುತ್ತೇನೆ, ಅಂಗಡಿಯವನು ಬದಲಿಸಿ ಕೊಡುತ್ತಾನೋ ಕೇಳಿರಿ.

ಸೆಪ್ಟೆಂಬರ್‌ವರೆಗಿನ ಪಟ್ಟಿ ಇಟ್ಟಿದ್ದೇನೆ.

ದೇವಕಿ


ಮಸ್ಕತ್
2 ಮೇ 1989

ದೇವಕಿಗೆ,

ಹೌದು, ಕೈ ಅಭ್ಯಾಸ. ನೀನು ಹೇಳಿದ್ದು ಖರೆ. ಅಂಗಡಿಯಲ್ಲಿ ಗದ್ದಲ ಬಹಳ ಇತ್ತು, ಇದ್ದದ್ದು ಅದೊಂದೇ ನಮೂನೆ, ತಂದುಬಿಟ್ಟೆ. ವಾಪಸ್ ಕಳಿಸುವ ಉಸಾಬರಿ ಬೇಡ. ಕಸ್ಟಮ್ಸಿನವರು ಎರಡು ಸಲ ನೋಡಿದರೆ ಮೂರನೇ ಸಲ ಮಸ್ತಾನಸಾಬನನ್ನೇ ಹಿಡಿದು ಕೂಡಿಸುತ್ತಾರೆ.

ಸದ್ಯ ಇದರಲ್ಲಿ ಸುರಪುರದ ಸಾಹೇಬರ ಜೊತೆ ಮಾತಾಡಿಕೊಂಡಿರು. ಎಂಥದ್ದಾದರೂ ರೇಡಿಯೊ ರೇಡಿಯೊನೇ. ಮೊದಲು ಊರ ಮಟ್ಟಿಗೆ ಕೈ ಕುದುರಲಿ, ಆಮೇಲೆ ಆಕಾಶ ನೋಡೋಣ. ಮುಂದಿನ ವರ್ಷ ನಾನೇ ಬರುವಾಗ ಒಳ್ಳೆಯದು ತರುತ್ತೇನೆ.

ಈ ಸಲ ಪಟ್ಟಿಯನ್ನು ವರ್ಷದ ಕೊನೆಯವರೆಗೂ ಮಾಡಿ ಕಳಿಸು. ದುಂಡಗೆ ಬರೆಯಬೇಕು. ಮ್ಯಾನೇಜರ್ ಸಾಹೇಬರು ಗೋಡೆಗೆ ಹಚ್ಚಿಸುತ್ತಾರೆ. ಮೇಲೆ ನಿನ್ನ ಹೆಸರು ಬರೆಯುವ ಅವಶ್ಯಕತೆ ಇಲ್ಲ, ಜಾಗ ಸುಮ್ಮನೆ ಹಾಳು.

ಅಮಾತೆಪ್ಪ


ಶಹಾಪುರ
28 ಜೂನ್ 1989

ಯಜಮಾನರಿಗೆ,

ಊರ ಮಟ್ಟಿಗೆ ಕೈ ಕುದುರಲಿ ಅಂದಿದ್ದೀರಿ. ಕಾಲುವೆಗೆ ನೀರು ಬಿಟ್ಟ ದಿನದಿಂದ ಇವತ್ತಿನವರೆಗೂ ಮುಡಬೂಳ ತೂಬಿನಿಂದ ಹಿಡಿದು ಕೊನೆಯ ಹಂಚು ಕಾಲುವೆಯವರೆಗೆ, ನೀರಿನ ಮಟ್ಟ ಅಳೆಯುವ ಗೇಜ್ ರೀಡರ್‌ಗಳಲ್ಲಿ ನನ್ನ ದನಿ ಕೇಳದವರಿಲ್ಲ. ಕೈ ಕುದುರಿಸಿಕೊಳ್ಳುವುದು ನನಗೆ ಇನ್ನೇನು ಉಳಿದಿದೆ ಹೇಳಿರಿ.

ಮಸ್ತಾನಸಾಬ ಮೊನ್ನೆ ವಾಪಸ್ ಹೊರಡುವ ಮೊದಲು, ನಿಮಗೇನಾದರೂ ಕೊಡುವುದಿದೆಯಾ ಕೇಳಲು ಬಂದಿದ್ದ. ಅತ್ತೆಯವರು ಶೇಂಗಾ ಹೋಳಿಗೆ ಕಟ್ಟಿದರು. ನಾನು ಮಾತಿಗೆ ಮಾತು ಬಂದು, ಅಂಗಡಿಯಲ್ಲಿ ಗದ್ದಲ ಇತ್ತಂತಲ್ಲ ಅಂದೆ. ಅವನು ತಲೆ ಕೆಡಿಸಿಕೊಳ್ಳದೆ ಹೇಳಿಬಿಟ್ಟ. “ಗದ್ದಲ ಎಲ್ಲಿತ್ರಿ ಅಕ್ಕಾ, ನಾವಿಬ್ರೇ ಇದ್ದೆವು. ಅಂಗಡಿಯಾಂವ ಎರಡೂ ಸೆಟ್ಟು ಮುಂದ ಇಟ್ಟಾನ. ಮ್ಯಾಲೆ ಮಾತಾಡೋದು ಇದು, ಕೆಳಗ ಮಾತಾಡೋದು ಇದು ಅಂತ ಬಿಡಿಸಿ ಹೇಳ್ಯಾನ. ಅಣ್ಣ ಕೆಳಗಿಂದೇ ಸಾಕು ಅಂದಾನ.”

ಹೇಳಿದ ಮೇಲೆ ನನ್ನ ಮುಖ ನೋಡಿ ಹೋಳಿಗೆ ಗಂಟು ಎತ್ತಿಕೊಂಡು ಹೊರಟುಬಿಟ್ಟ. ಅವನ ಮೇಲೆ ಹರಿಹಾಯಬೇಡಿರಿ, ಅವನದೇನೂ ತಪ್ಪಿಲ್ಲ.

ನಾನು ನೇರ ಕೇಳುತ್ತೇನೆ, ನೀವೂ ನೇರ ಹೇಳಿರಿ. ಬೇಕೆಂದೇ ಯಾಕೆ ಹೀಗೆ ಮಾಡಿದಿರಿ?

ದೇವಕಮ್ಮ


ಮಸ್ಕತ್
20 ಜುಲೈ 1989

ದೇವಕಿ,

ಡ್ರೈವರನ ಮಾತು ಹಿಡಿದು ಗಂಡನಿಗೆ ಪಾಟೀಸವಾಲು ಹಾಕುವಷ್ಟು ಬೆಳೆದೆಯಾ. ಆಗಲಿ, ನೇರ ಹೇಳುತ್ತೇನೆ.

ಕಾಲುವೆಯ ವೈರ್‌ಲೆಸ್ ಬೇರೆ. ಅದು ನೌಕರಿ. ಇದು ನಾಲ್ಕಾರು ದೇಶದ ಗಂಡಸರು ಕಿವಿ ಹಚ್ಚಿ ಕೂತಿರುವ ಜಾಗ. ಅಲ್ಲಿ ನನ್ನ ಹೆಂಡತಿ ಹೋಗಿ ನಾನು ಇಂಥವಳು, ನನ್ನದು ಇಂಥ ಊರು ಅಂತ ಹೇಳುವುದು ನನಗೆ ಸರಿ ಅನಿಸುವುದಿಲ್ಲ. ನಾಳೆ ಇಲ್ಲಿ ಯಾರೋ ಏನೋ ಅಂದರೆ ಕೇಳಬೇಕಾದವನು ನಾನು. ಅವ್ವನನ್ನೂ ಕೇಳಿ ನೋಡು, ಅವಳು ಏನನ್ನುತ್ತಾಳೆ.

ನಿನ್ನ ಒಳ್ಳೆಯದಕ್ಕೇ ಮಾಡಿದ್ದು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಟ್ಟಿ ಬೇಗ ಕಳಿಸು, ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ಅಮಾತೆಪ್ಪ


ಮಸ್ಕತ್
10 ಅಕ್ಟೋಬರ್ 1989

ದೇವಕಿಗೆ,

ನಿನ್ನ ಪತ್ರವಿಲ್ಲ, ಪಟ್ಟಿಯೂ ಇಲ್ಲ. ಅವ್ವ ಆರಾಮ ಇದ್ದಾಳೆಯೇ? ಕಚೇರಿಯಲ್ಲಿ ಹಿಂಗಾರಿನ ನೀರಿನ ಕೆಲಸ ಬಹಳ ಇರಬೇಕು ಅಂತ ತಿಳಿದಿದ್ದೇನೆ. ಇದ್ದ ಪಟ್ಟಿ ಮುಗಿದುಹೋಗಿದೆ. ಎಲ್ಲರೂ ಕೇಳಿದಾಗ ಜ್ವರ ಬಂದಿತ್ತು, ಲೆಕ್ಕ ಹಾಕಲು ಆಗಲಿಲ್ಲ ಅಂದಿದ್ದೇನೆ. ಎಷ್ಟು ದಿನ ಜ್ವರ ಬರಬೇಕು ನನಗೆ?

ಅಮಾತೆಪ್ಪ


ಶಹಾಪುರ
5 ನವೆಂಬರ್ 1989

ಯಜಮಾನರಿಗೆ,

ನಿಮ್ಮ ಅವ್ವನನ್ನು ಕೇಳು ಅಂದಿದ್ದಿರಿ. ಕೇಳಿದೆ. ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ದಿನಾ ಕಚೇರ್ಯಾಗ ಕುಂತು ಊರೆಲ್ಲಾ ಕೇಳೋಹಂಗ ಮಾತಾಡ್ತಿ, ಆಗೇನೂ ಅನ್ಲಿಲ್ಲ ಅಂವ. ಪಗಾರ ಬರ್ತಿತ್ತಲ್ಲ, ಅದಕ್ಕ ಸುಮ್ನಿದ್ದ” ಅಂದರು. ಅವರ ಬಾಯಿಂದ ನನ್ನ ಪರ ಮಾತು ಕೇಳಿದ್ದು ಇದೇ ಮೊದಲು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಬೇಕಾದ ಸೆಟ್ಟು ಬರಲಿಲ್ಲವಾದರೂ ಜಲಾಲುದ್ದೀನ ಸಾಹೇಬರು ತಮ್ಮ ರಿಸೀವರ್ ಕೊಟ್ಟರು. ಮಾತಾಡಲು ಆಗದಿದ್ದರೆ ಕೇಳಿಯಾದರೂ ಕೂತಿರು ಅಂದರು. ಜುಲೈನಿಂದ ಅದು ನಮ್ಮ ಪಡಸಾಲೆಯಲ್ಲಿದೆ. ನಿಮಗೆ ಬರೆಯಲಿಲ್ಲ, ಯಾಕೆಂದರೆ ನಿಮ್ಮ ದನಿಯನ್ನು ನಿಮಗೆ ಗೊತ್ತಿಲ್ಲದಂತೆ ಕೇಳಬೇಕು ಅಂತ ಆಸೆ ಇತ್ತು. ಮೊದಲ ಸಲ ಕೇಳಿದಾಗ ಅತ್ತೆಯವರನ್ನೂ ಕರೆದೆ. ಅವರು ಸ್ಪೀಕರಿಗೆ ಕೈ ಮುಗಿದರು.

ಆಗಸ್ಟಿನ ಒಂದು ಭಾನುವಾರ ನೀವು ಪುಣೆಯ ಒಬ್ಬರ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದಿರಿ. ಅವರು ನಿಮ್ಮ ಪಟ್ಟಿಯನ್ನು ಬಹಳ ಹೊಗಳಿದರು, ಇಷ್ಟು ಕರಾರುವಾಕ್ಕಾಗಿ ಹೇಗೆ ಮಾಡುತ್ತೀರಿ ಅಂದರು. ನಾನೇ ಕೂತು ಲೆಕ್ಕ ಹಾಕುತ್ತೇನೆ, ಅಣೆಕಟ್ಟಿನಲ್ಲಿದ್ದಾಗಿನ ಅಭ್ಯಾಸ ಅಂದಿರಿ. ಮನೆಯಲ್ಲಿ ಬೇರೆ ಯಾರಿಗಾದರೂ ಈ ಹವ್ಯಾಸ ಇದೆಯೇ ಅಂದರು. ನೀವು ನಕ್ಕಿರಿ. ನನ್ನ ಹೆಂಡತಿಗೆ ರೇಡಿಯೊ ಅಂದರೆ ತಲೆನೋವು, ಹಾಡು ಬಂದರೂ ಆರಿಸುತ್ತಾಳೆ ಅಂದಿರಿ. ಅಷ್ಟರಲ್ಲಿ ಉಪಗ್ರಹ ದಿಗಂತದ ಕೆಳಗಿಳಿದು ದನಿ ನಿಂತಿತು.

ನಾನು ರಿಸೀವರ್ ಆರಿಸಲಿಲ್ಲ. ಬರೀ ಗೊರಗೊರ ಸದ್ದು ಕೇಳುತ್ತಾ ಬಹಳ ಹೊತ್ತು ಕೂತಿದ್ದೆ. ಹೆಣ್ಣುಮಗಳ ಮಾನದ ಮಾತು ಅನ್ನುವ ಹಾಗೆ ಬರೆದಿರಿ. ನಾನು ಗಾಳಿಗೆ ಬಂದರೆ ಪಟ್ಟಿ ಯಾರದು ಅಂತ ಗೊತ್ತಾಗುತ್ತದೆ ಅನ್ನುವ ಭಯವೇ ನಿಮಗಿದ್ದದ್ದು. ಅದಕ್ಕೇ ನನಗೆ ಕೆಳಗೆ ಮಾತಾಡುವ ಸೆಟ್ಟು.

ಪಟ್ಟಿ ಇದರ ಜೊತೆ ಇಲ್ಲ.

ದೇವಕಮ್ಮ


ಮಸ್ಕತ್
26 ನವೆಂಬರ್ 1989

ನನ್ನ ದೇವಕಿ,

ನಿನ್ನ ಪತ್ರ ಓದಿದ ಮೇಲೆ ಊಟ ಸೇರುತ್ತಿಲ್ಲ. ತಪ್ಪಾಯಿತು. ಮೊದಲ ಸಲ ಮ್ಯಾನೇಜರ್ ಸಾಹೇಬರು ಕೇಳಿದಾಗ ನಮ್ಮಲ್ಲೇ ಮಾಡುತ್ತೇವೆ ಅಂದೆನಲ್ಲ, ಅವರು ಅದನ್ನು ನಾನೇ ಎಂದು ತಿಳಿದರು. ತಿದ್ದಬೇಕಿತ್ತು. ತಿದ್ದಲಿಲ್ಲ. ಮರುದಿನ ಎಲ್ಲರೂ ನಮಸ್ಕಾರ ಹೊಡೆಯತೊಡಗಿದರು. ಈ ಕ್ಯಾಂಪಿನಲ್ಲಿ ನನಗೆ ಯಾರೂ ಹಾಗೆ ನಮಸ್ಕಾರ ಹೊಡೆದವರಲ್ಲ ದೇವಕಿ. ಮಾತು ಬೆಳೆಯುತ್ತಾ ಹೋಯಿತು.

ಡಿಸೆಂಬರ್ ಕೊನೆಗೆ ಮ್ಯಾನೇಜರ್ ಸಾಹೇಬರು, ದೊಡ್ಡ ಕಚೇರಿಯವರು ಎಲ್ಲ ಬಂದು ನೋಡುತ್ತಾರೆ. ಅವತ್ತೇ ಹೊಸ ವಿಭಾಗಕ್ಕೆ ಯಾರು ಅಂತ ತೀರ್ಮಾನ. ಆ ದಿನದ ಪಟ್ಟಿ ಇಲ್ಲದಿದ್ದರೆ ನಾನು ಎಲ್ಲರ ಮುಂದೆ ಮೂರಾಬಟ್ಟೆ ಆಗುತ್ತೇನೆ. ಇದೊಂದು ಸಲ ನಡೆಸಿಕೊಡು. ನೀನು ಹೇಳಿದ ಹಾಗೆ ಕೇಳುತ್ತೇನೆ, ಅವ್ವನ ಆಣೆ.

ನಿನ್ನ
ಅಮಾತೆಪ್ಪ


ಶಹಾಪುರ
10 ಡಿಸೆಂಬರ್ 1989

ಯಜಮಾನರಿಗೆ ನಮಸ್ಕಾರಗಳು.

ಆಣೆ ಹಾಕಿದ್ದನ್ನು ಅತ್ತೆಯವರಿಗೆ ಓದಿ ಹೇಳಲಿಲ್ಲ. ಅವರಿಗೆ ಈ ಗೋಜು ಬೇಡ.

ಕೊನೆಯ ಭಾನುವಾರದ ಪಟ್ಟಿ ಇದರ ಜೊತೆ ಇದೆ. ಬೆಳಗಿನ ಎರಡನೇ ಸುತ್ತು ಎಲ್ಲಕ್ಕಿಂತ ಒಳ್ಳೆಯದು. ಉಪಗ್ರಹ ನಿಮಗೂ ನಮಗೂ ಒಟ್ಟಿಗೆ ಕಾಣುತ್ತದೆ. ಅದನ್ನೇ ಅವರಿಗೆ ತೋರಿಸಿರಿ.

ಇನ್ನೊಂದು ವಿಷಯ. ಜಲಾಲುದ್ದೀನ ಸಾಹೇಬರೂ ನಾನೂ ಸೇರಿ ದೀಪಾವಳಿಯಿಂದ ಕೂತು ಒಂದು ಮೋರ್ಸ್ ಟ್ರಾನ್ಸ್‌ಮಿಟರ್ ಕಟ್ಟಿದ್ದೇವೆ. ಮಾತಾಡಲು ಬರುವುದಿಲ್ಲ, ಕಟಕಟ ಬಡಿಯಬಹುದು. ಹೋದ ವಾರ ನಾನು ಬಡಿದದ್ದು ಮೇಲಿಂದ ತಿರುಗಿ ಬಂದು ನನ್ನ ಕಿವಿಗೇ ಕೇಳಿಸಿತು. ಸಾಹೇಬರು ಎದ್ದು ನಿಂತು ಕುಣಿದರು. ಅವರ ವಯಸ್ಸಿಗೆ ಅದು ದೊಡ್ಡದು.

ಆ ಸುತ್ತಿನಲ್ಲಿ ನಾನು ನಿಮ್ಮನ್ನು ಕರೆಯುತ್ತೇನೆ. ನೀವು ಕೂತವರ ಮುಂದೆ ಒಂದೇ ಮಾತು ಹೇಳಬೇಕು. ಇವಳು ನನ್ನ ಹೆಂಡತಿ, ಪಟ್ಟಿ ಮಾಡುವವಳು ಇವಳೇ ಅಂತ. ನಿಮ್ಮ ಹುದ್ದೆ ಹೋಗುವುದಿಲ್ಲ. ಸೆಟ್ಟು ನಡೆಸುವವರು ನೀವೇ ಅಲ್ಲವೇ. ಹೋದರೂ ಕಾಲುವೆ ಕಚೇರಿಯಲ್ಲಿ ನಿಮ್ಮ ಕುರ್ಚಿ ಇನ್ನೂ ಖಾಲಿ ಇದೆ. ನಾನು ಬೇರೇನೂ ಕೇಳಿಲ್ಲ, ಮುಂದೆ ಕೇಳುವುದೂ ಇಲ್ಲ. ಇದನ್ನು ನೀವು ಹೇಳಿಬಿಟ್ಟರೆ ಹಿಂದಿನದೆಲ್ಲ ನನ್ನ ಮಟ್ಟಿಗೆ ಮುಗಿಯಿತು.

ನಿಮ್ಮ
ದೇವಕಿ


ಮಸ್ಕತ್
3 ಜನವರಿ 1990

ನನ್ನ ಜಾಣೆ ದೇವಕಿಗೆ,

ನಿನಗೆ ಹೇಗೆ ಧನ್ಯವಾದ ಹೇಳಲಿ. ಹುದ್ದೆ ನನಗೇ ಸಿಕ್ಕಿತು. ಹೊಸ ತಿಂಗಳಿನಿಂದಲೇ ನಾನು ಮೇಲ್ವಿಚಾರಕ.

ಅವತ್ತು ಕೋಣೆ ತುಂಬಾ ಜನ. ದೊಡ್ಡ ಕಚೇರಿಯವರು ಕೋಟು ಹಾಕಿಕೊಂಡು ಮುಂದೆ ಕೂತಿದ್ದರು. ಪಟ್ಟಿಯ ಹೊತ್ತಿಗೆ ಸರಿಯಾಗಿ ಸದ್ದು ಬಂತು. ಅದರ ಹಿಂದೆಯೇ ನಿನ್ನ ಮೋರ್ಸ್. ಎಷ್ಟು ಚೊಕ್ಕಟ ಬಡಿಯುತ್ತೀ ನೀನು! ಮ್ಯಾನೇಜರ್ ಸಾಹೇಬರು, ಯಾರಿದು ಅಂದರು. ಹೇಳಬೇಕು ಅಂತಲೇ ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದೆ. ಅವರು ನನ್ನ ಕಡೆ ನೋಡುತ್ತಿದ್ದ ರೀತಿ ನೋಡಿ ನಾಲಿಗೆ ಹೊರಳಲಿಲ್ಲ. ಭಾರತದ ಯಾವುದೋ ಹೊಸ ಕೇಂದ್ರ ಅಂದೆ. ಮೈಕ್ ಹಿಡಿದು, ನಿಮ್ಮ ಹೆಸರು ಮತ್ತು ಊರು ತಿಳಿಸಬೇಕು ಅಂತ ನಿನ್ನನ್ನು ಕೇಳಿಬಿಟ್ಟೆ.

ನೀನು ಕ್ಷಣ ಸುಮ್ಮನಾದೆ. ಎಲ್ಲಿ ಎಲ್ಲ ಬಡಿದು ಹೇಳಿಬಿಡುತ್ತೀಯೋ ಅಂತ ಹೆದರಿದೆ, ಕೋಣೆಯಲ್ಲಿ ಮೋರ್ಸ್ ಬಲ್ಲವರು ಇನ್ನೂ ಇಬ್ಬರಿದ್ದರು. ಆಗ ನೀನು ನಿಧಾನಕ್ಕೆ ದೇವಕಮ್ಮ, ಶಹಾಪುರ ಅಂತ ಬಡಿದೆ. ಅಷ್ಟೇ. ಮೊದಲ ಸಲ ನಿಮ್ಮ ಪರಿಚಯವಾಗಿ ಸಂತೋಷ ಅಂದೆ ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ನನ್ನ ಕಷ್ಟ ಅರಿತು ಗುಟ್ಟು ಬಿಟ್ಟುಕೊಡದೆ ಮಾನ ಉಳಿಸಿದೆ. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ.

ಒಳ್ಳೆಯ ಸಮಯ ನೋಡಿ ಎಲ್ಲರಿಗೂ ಹೇಳಿಯೇ ಹೇಳುತ್ತೇನೆ. ಅಂದಹಾಗೆ ಮೇಲೆ ಮಾತಾಡುವ ಸೆಟ್ಟು ಕೊಂಡಿದ್ದೇನೆ, ನಿನ್ನದೇ ಅದು. ಮಸ್ತಾನಸಾಬ ಬರುವಾಗ ತರುತ್ತಾನೆ. ಹೊಸ ವರ್ಷದ ಪಟ್ಟಿ ಕಳಿಸುವುದು.

ನಿನ್ನವನೇ
ಅಮಾತೆಪ್ಪ


ಶಹಾಪುರ
28 ಜನವರಿ 1990

ಶ್ರೀ ಅಮಾತೆಪ್ಪ ಅವರಿಗೆ,
ಮಸ್ಕತ್

ಮಾನ್ಯರೇ,

ಹೊಸಬರೊಡನೆ ಮೊದಲ ಸಲ ಸಂಪರ್ಕವಾದಾಗ ಒಬ್ಬರಿಗೊಬ್ಬರು ಖಾತ್ರಿ ಕಾರ್ಡು ಕಳಿಸುವುದು ನಮ್ಮ ರೇಡಿಯೊದವರ ರೂಢಿ. ಮನೆಯವರಿಗೆ ಯಾರೂ ಇದನ್ನು ಕಳಿಸುವುದಿಲ್ಲ. ತಾವು ಅಷ್ಟು ಜನರ ಎದುರು ಪರಿಚಯ ಮೊದಲ ಸಲದ್ದು ಎಂದು ಹೇಳಿದ್ದರಿಂದ ನಾನೂ ಆ ರೂಢಿ ಪಾಲಿಸಿದ್ದೇನೆ.

ದಿನಾಂಕ: 31 ಡಿಸೆಂಬರ್ 1989, ಭಾನುವಾರ.
ಸಂಪರ್ಕ: ಉಪಗ್ರಹದ ಮೂಲಕ.
ನನ್ನ ಟ್ರಾನ್ಸ್‌ಮಿಟರ್: ಮನೆಯಲ್ಲಿ ಕಟ್ಟಿದ್ದು.
ತಮ್ಮ ದನಿ: ಪೂರ್ತಿ ಸ್ಪಷ್ಟ. ಒಂದು ಮಾತೂ ತಪ್ಪದೆ ಕೇಳಿಸಿತು.

ಷರಾ: ತಾವು ಕೇಳಿದ ನನ್ನ ಹೆಸರು, ಊರು ತಿಳಿಸಿದ್ದೇನೆ. ತಾವು ಅದಕ್ಕಿಂತ ಹೆಚ್ಚೇನೂ ಕೇಳಲಿಲ್ಲ. ಗುಟ್ಟು ಕಾಯಲು ನಾನು ಸುಮ್ಮನಾಗಲಿಲ್ಲ. ತಾವು ಹೇಳುತ್ತೀರಿ ಎಂದು ಕಾಯುತ್ತಿದ್ದೆ. ಕೊಂಡಿರುವ ಸೆಟ್ಟು ತಮ್ಮಲ್ಲೇ ಇರಲಿ, ಪರಿಚಯವಿಲ್ಲದವರಿಂದ ಅಷ್ಟು ದೊಡ್ಡದನ್ನು ತೆಗೆದುಕೊಳ್ಳಲಾಗುವುದಿಲ್ಲ. ಪಟ್ಟಿಯನ್ನೂ ಇನ್ನು ತಾವೇ ಮಾಡಿಕೊಳ್ಳಬೇಕು.

ತಮ್ಮ ತಾಯಿ ಲಾಲಮ್ಮನವರು ಸುರಪುರದಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಅವರಿಗೆ ಎಲ್ಲವನ್ನೂ ಹೇಳಿದ್ದೇನೆ. ನಾನು ಕಾಲುವೆ ಕಚೇರಿಯ ಕ್ವಾರ್ಟರ್ಸಿಗೆ ಬಂದಿದ್ದೇನೆ.

ತಮ್ಮ ಕಾರ್ಡನ್ನು ಕಚೇರಿಯ ವಿಳಾಸಕ್ಕೆ ಕಳಿಸಬೇಕಾಗಿ ವಿನಂತಿ. ಪತ್ರ ಬರೆಯುವಷ್ಟು ಪರಿಚಯ ನಮ್ಮಲ್ಲಿಲ್ಲ.

ಇತಿ,
ದೇವಕಮ್ಮ